ಹ್ಯಾಲೋವೀನ್ ಚಪ್ಪಲಿ: ಹೆಣೆಯುವ ಬಗೆ, ಬೆಲೆ ಕಟ್ಟುವ ಬಗೆ

ಅಕ್ಟೋಬರ್ ತಿಂಗಳು ಬಂತೆಂದರೆ ಕರಾವಳಿಯ ಅನೇಕ ಮನೆಗಳಿಗೆ ವಿದೇಶದಿಂದ ಫೋಟೋಗಳು ಬರತೊಡಗುತ್ತವೆ. ಕೆನಡಾ, ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ನೆಲೆಸಿರುವ ಮೊಮ್ಮಕ್ಕಳು ಮುಖ ಕೊರೆದ ಕುಂಬಳಕಾಯಿಯ ಪಕ್ಕದಲ್ಲಿ ನಿಂತ ಚಿತ್ರಗಳವು. ಕೆಲವು ಮಕ್ಕಳ ಕಾಲಿನಲ್ಲಿ ಉಲನ್‌ನಿಂದ ಹೆಣೆದ, ಕುಂಬಳಕಾಯಿ ಮುಖದ ಮೆತ್ತನೆಯ ಚಪ್ಪಲಿಗಳೂ ಇರುತ್ತವೆ. "ಫಾದರ್, ಇದನ್ನು ನಾವೂ ಮನೆಯಲ್ಲೇ ಹೆಣೆದು ಕಳಿಸಬಹುದಲ್ಲವೇ? ಆದರೆ ಅದು ಭೂತದ ಹಬ್ಬವಂತೆ, ಮಾಡಿದರೆ ತಪ್ಪಾಗುತ್ತದೆಯೇ?" ಎಂದು ಅಜ್ಜಿಯಂದಿರು ಕೇಳುವುದುಂಟು.

ಉತ್ತರ ಕರ್ನಾಟಕದ ಒಳನಾಡಿನಲ್ಲಿ ಸೇವೆ ಸಲ್ಲಿಸುತ್ತಿರುವ ನಮ್ಮ ಧರ್ಮಭಗಿನಿಯರೂ ಸಮಾಜ ಸೇವಕರೂ ಕೇಳುವ ಪ್ರಶ್ನೆಯೇ ಬೇರೆ. ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ಮಹಿಳೆಯರು ಮನೆಯಲ್ಲೇ ಕುಳಿತು ಮಾಡಬಹುದಾದ, ಹೆಚ್ಚು ಬಂಡವಾಳ ಬೇಡದ ಕೆಲಸ ಯಾವುದಿದೆ?

ಈ ಎರಡೂ ಪ್ರಶ್ನೆಗಳಿಗೆ ಒಂದೇ ಲೇಖನದಲ್ಲಿ ಉತ್ತರಿಸುವ ಪ್ರಯತ್ನ ಇಲ್ಲಿದೆ. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಮಹಿಳಾ ಸಂಘಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ. ವಿಧಾನ ಎಲ್ಲ ಊರಿಗೂ ಒಂದೇ. ಮೊಮ್ಮಗುವಿಗೆ ಒಂದು ಜೊತೆ ಹೆಣೆಯುವವರು ಮೊದಲ ಭಾಗಗಳನ್ನು ಓದಿದರೆ ಸಾಕು. ಮಾರಾಟಕ್ಕೆಂದು ಹೆಣೆಯುವವರೂ ಅವರಿಗೆ ತರಬೇತಿ ಕೊಡುವವರೂ ಕೊನೆಯ ಭಾಗವನ್ನು ತಪ್ಪದೆ ಓದಬೇಕೆಂದು ವಿನಂತಿ.

ಹ್ಯಾಲೋವೀನ್ ಎಂದರೇನು?

ಹಳೆಯ ಇಂಗ್ಲಿಷಿನಲ್ಲಿ 'ಹ್ಯಾಲೋ' ಎಂದರೆ ಸಂತ, ಪವಿತ್ರ ವ್ಯಕ್ತಿ. ಸಕಲ ಸಂತರ ಹಬ್ಬದ ಹಿಂದಿನ ಸಂಜೆಗೆ 'ಆಲ್ ಹ್ಯಾಲೋಸ್ ಈವ್' ಎಂಬ ಹೆಸರಿತ್ತು. ಅದೇ ಸವೆದು ಹ್ಯಾಲೋವೀನ್ ಆಯಿತು. ಎಂಟನೆಯ ಶತಮಾನದಲ್ಲಿ ಪೋಪ್ ಮೂರನೆಯ ಗ್ರೆಗರಿಯವರು ರೋಮ್‌ನ ಸಂತ ಪೇತ್ರರ ಮಹಾದೇವಾಲಯದಲ್ಲಿ ಸಕಲ ಸಂತರ ಗೌರವಾರ್ಥ ಒಂದು ಪ್ರಾರ್ಥನಾಲಯವನ್ನು ಅರ್ಪಿಸಿದರು. ಒಂಬತ್ತನೆಯ ಶತಮಾನದಲ್ಲಿ ನವೆಂಬರ್ 1ರ ಹಬ್ಬ ಪಶ್ಚಿಮ ಯುರೋಪಿನಲ್ಲಿ ವ್ಯಾಪಕವಾಯಿತು. ಅದರ ಮರುದಿನ ಮೃತರಿಗಾಗಿ ಪ್ರಾರ್ಥಿಸುವ ವಾಡಿಕೆಯನ್ನು ಕ್ಲೂನಿ ಮಠದ ಮಠಾಧಿಪತಿ ಸಂತ ಓದಿಲೋ ಹತ್ತನೆಯ ಶತಮಾನದ ಕೊನೆಯಲ್ಲಿ ತಮ್ಮ ಮಠಗಳಲ್ಲಿ ನೆಲೆಗೊಳಿಸಿದರು. ನಮ್ಮ ಕರಾವಳಿಯಲ್ಲಿ ನವೆಂಬರ್ 2ರಂದು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದ ಬತ್ತಿ ಹಚ್ಚುವುದು ಇದೇ ಪರಂಪರೆ.

ಇದೇ ಕಾಲಕ್ಕೆ ಐರ್ಲೆಂಡಿನಲ್ಲಿ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ 'ಸಾವಿನ್' ಎಂಬ ಹಳೆಯ ಜನಪದ ಹಬ್ಬವಿತ್ತು. ಆ ರಾತ್ರಿ ಸತ್ತವರ ಆತ್ಮಗಳು ಓಡಾಡುತ್ತವೆ ಎಂದು ನಂಬಿದ್ದ ಜನ ಟರ್ನಿಪ್ ಗಡ್ಡೆಯನ್ನು ಟೊಳ್ಳು ಮಾಡಿ, ಮುಖ ಕೊರೆದು, ಒಳಗೆ ದೀಪ ಇಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಐರಿಷರಿಗೆ ಅಲ್ಲಿ ದೊಡ್ಡದಾದ, ಕೊರೆಯಲು ಸುಲಭವಾದ ಸಿಹಿಗುಂಬಳ ಸಿಕ್ಕಿತು. ಕುಂಬಳಕಾಯಿ ಮುಖ ಹುಟ್ಟಿದ್ದು ಹೀಗೆ. ನಮ್ಮವರಿಗೆ ಇದು ತೀರ ಅಪರಿಚಿತವೂ ಅಲ್ಲ. ಹೊಸ ಮನೆಯ ಮುಂದೆ, ಅಂಗಡಿಯ ಬಾಗಿಲಲ್ಲಿ ಮೀಸೆ ಹಲ್ಲು ಬರೆದ ಬೂದುಗುಂಬಳವನ್ನು ದೃಷ್ಟಿಗೆಂದು ತೂಗುಹಾಕುವುದನ್ನು ನಾವೆಲ್ಲ ಕಂಡಿದ್ದೇವೆ.

ಆದ್ದರಿಂದ ಅಜ್ಜಿಯಂದಿರ ಪ್ರಶ್ನೆಗೆ ಉತ್ತರ ಸರಳ. ಮಗುವಿನ ಕಾಲಿಗೆ ಬೆಚ್ಚನೆಯ ಚಪ್ಪಲಿ ಹೆಣೆದು, ಅದರ ಮೇಲೆ ನಗುವ ಕುಂಬಳಕಾಯಿ ಹೊಲಿದರೆ ಯಾವ ತಪ್ಪೂ ಇಲ್ಲ. ಜೊತೆಗೊಂದು ಚೀಟಿಯಲ್ಲಿ ಮಗುವಿನ ಹೆಸರಿನ ಸಂತರ ಕತೆಯನ್ನು ನಾಲ್ಕು ಸಾಲು ಬರೆದು ಕಳಿಸಿ. ಹಬ್ಬದ ಹೆಸರಿನ ಅರ್ಥ ಮಗುವಿಗೆ ತಾನಾಗಿ ತಿಳಿಯುತ್ತದೆ.

ಒಂದೇ ಬರಗಾಲ, ಎರಡು ಪಯಣ

ಹ್ಯಾಲೋವೀನ್ ಮತ್ತು ಕ್ರೋಶಾ, ಎರಡನ್ನೂ ಲೋಕಕ್ಕೆ ಹರಡಿದ ಘಟನೆ ಒಂದೇ ಎಂಬುದು ಕುತೂಹಲದ ಸಂಗತಿ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಭೀಕರ ಬರಗಾಲ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. ಹೋದವರು ತಮ್ಮ ಅಕ್ಟೋಬರ್ ಹಬ್ಬವನ್ನು ಅಮೆರಿಕಕ್ಕೆ ಒಯ್ದರು. ಉಳಿದವರ ಕೈಗೆ ಕ್ರೋಶಾ ಕಡ್ಡಿ ಬಂತು. ಕಾರ್ಕ್ ಪಟ್ಟಣದ ಬಳಿಯ ಬ್ಲ್ಯಾಕ್‌ರಾಕ್‌ನಲ್ಲಿ ಉರ್ಸುಲೈನ್ ಧರ್ಮಭಗಿನಿಯರು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಲೇಸ್ ಕಲಿಸಿದರು. ಉತ್ತರದ ಕ್ಲೋನ್ಸ್ ಎಂಬ ಊರಿನಲ್ಲಿ ಪ್ರೊಟೆಸ್ಟಂಟ್ ಪಾದ್ರಿಯೊಬ್ಬರ ಪತ್ನಿ ಕಸಾಂಡ್ರಾ ಹ್ಯಾಂಡ್ 1847ರಲ್ಲಿ ಅದೇ ಕೆಲಸ ಆರಂಭಿಸಿದರು. ಪಂಗಡ ಬೇರೆಯಾದರೂ ಇಬ್ಬರೂ ಹಸಿವಿಗೆ ಕಂಡುಕೊಂಡ ಪರಿಹಾರ ಒಂದೇ. ಮಗ್ಗ ಬೇಡ, ಕಾರ್ಖಾನೆ ಬೇಡ. ಒಂದು ಕೊಕ್ಕೆ, ಒಂದು ಉಂಡೆ ದಾರ ಇದ್ದರೆ ಒಂದು ಸಂಸಾರ ಉಣ್ಣಬಹುದಿತ್ತು.

ನಮ್ಮ ದೇಶಕ್ಕೂ ಈ ಕಲೆ ಮಿಷನರಿಗಳ ಮೂಲಕವೇ ಹೆಚ್ಚಾಗಿ ಹಬ್ಬಿತು. ಕರಾವಳಿಯಲ್ಲಿ ಕಾನ್ವೆಂಟ್ ಶಾಲೆ ಕಲಿತ ಹಿರಿಯ ಮಹಿಳೆಯರಿಗೆ ಕ್ರೋಶಾ ತರಗತಿಯ ನೆನಪಿದೆ. ನಮ್ಮ ಅನೇಕ ದೇವಾಲಯಗಳ ಪೀಠದ ವಸ್ತ್ರದ ಅಂಚಿನಲ್ಲಿ ಅವರ ಕೈಕೆಲಸ ಇಂದಿಗೂ ಇದೆ.

ಮೂರು ತಾಲ್ಲೂಕುಗಳ ಕೈಗಳು

ಕರಾವಳಿಯ ಓದುಗರಿಗೆ ಈ ಪ್ರದೇಶದ ಪರಿಚಯ ಅಗತ್ಯ. ಗದಗ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟಾಗ ಗಜೇಂದ್ರಗಡ ರೋಣ ತಾಲ್ಲೂಕಿನೊಳಗೇ ಇತ್ತು, ಆಮೇಲೆ ಪ್ರತ್ಯೇಕ ತಾಲ್ಲೂಕಾಯಿತು. ಇದು ಎರೆಭೂಮಿ. ಜೋಳ, ಕಡಲೆ, ಹತ್ತಿ, ಈರುಳ್ಳಿ ಇಲ್ಲಿನ ಬೆಳೆಗಳು. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಆಸುಪಾಸು. ನಮ್ಮಲ್ಲಿ ಜುಲೈ ತಿಂಗಳೊಂದರಲ್ಲೇ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ನೀರಿನ ಪ್ರಶ್ನೆ ಇಲ್ಲಿ ಬದುಕಿನ ಪ್ರಶ್ನೆ. 1980ರಲ್ಲಿ ಮಲಪ್ರಭಾ ಕಾಲುವೆಯ ಕರದ ವಿರುದ್ಧ ನರಗುಂದದಲ್ಲಿ ಎದ್ದ ರೈತ ಬಂಡಾಯ ರಾಜ್ಯದ ರಾಜಕೀಯವನ್ನೇ ಬದಲಿಸಿತು. 2015ರಲ್ಲಿ ಮಹದಾಯಿ ನೀರಿಗಾಗಿ ದೀರ್ಘ ಧರಣಿ ಆರಂಭವಾದದ್ದೂ ಅಲ್ಲಿಯೇ.

ಹಿಂಗಾರಿನ ಜೋಳ, ಕಡಲೆ ಮನೆ ಸೇರಿದ ಮೇಲೆ ಮುಂಗಾರು ಬರುವ ತನಕ ಒಣ ಬೇಸಾಯದ ಊರುಗಳಲ್ಲಿ ಹೆಣ್ಣುಮಕ್ಕಳಿಗೆ ಕೂಲಿ ಸಿಗುವುದು ಕಷ್ಟ. ಇದು ಏಪ್ರಿಲ್, ಮೇ ತಿಂಗಳ ಮಾತು. ಅಕ್ಟೋಬರ್ ಹಬ್ಬದ ಸಾಮಾನನ್ನು ವಿದೇಶಕ್ಕೆ ಕಳಿಸಬೇಕಾದರೆ ಹೆಣೆಯಲು ಕೂರಬೇಕಾದ ಕಾಲವೂ ಅದೇ.

ಈ ಹೆಣ್ಣುಮಕ್ಕಳ ಕೈಗೆ ಸೂಜಿ ಹೊಸದೇನಲ್ಲ. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಜೋಡಿಸಿ ಹೊಲಿಯುವ ಕೌದಿ, ಕೂಸಿಗೆ ಹೊಲಿಯುವ ಕುಲಾವಿ ಮತ್ತು ಕುಂಚಿಗೆ ಈ ಭಾಗದ ಮನೆ ಮನೆಯ ವಿದ್ಯೆ. ಗಜೇಂದ್ರಗಡ ಕೈಮಗ್ಗದ ಸೀರೆಗೆ ಹೆಸರಾದ ಊರು. ಸುತ್ತಲಿನ ಲಂಬಾಣಿ ತಾಂಡಾಗಳಲ್ಲಿ ಕನ್ನಡಿ ಕವಡೆ ಕೂಡಿಸಿ ಹೊಲಿಯುವ ಕಲೆಯಿದೆ. ಧಾರವಾಡ ಸೀಮೆಯ ಕಸೂತಿಯಂತೂ ನಾಡಿಗೇ ಗೊತ್ತು. ಬಾಗಿಲಿಗೆ ಉಲನ್ ತೋರಣ ಹೆಣೆಯುವ ಕಡ್ಡಿಯೇ ಚಪ್ಪಲಿಯನ್ನೂ ಹೆಣೆಯುತ್ತದೆ.

ಬೇಕಾಗುವ ಸಾಮಗ್ರಿ

ಇಲ್ಲಿ ಚಪ್ಪಲಿ ಎಂದರೆ ಮನೆಯೊಳಗೆ ಮಾತ್ರ ಹಾಕುವ, ಹಿಮ್ಮಡಿಯ ತನಕ ಮುಚ್ಚುವ ಮೆತ್ತನೆಯ ಪಾದಚೀಲ. ಮಹಿಳೆಯರ ಸಾಧಾರಣ ಅಳತೆಯ, ಅಂದರೆ ಸುಮಾರು 24 ಸೆಂಟಿಮೀಟರ್ ಉದ್ದದ ಪಾದಕ್ಕೆ ಒಂದು ಜೊತೆ ಹೆಣೆಯಲು ಇಷ್ಟು ಬೇಕು:

- ಕಿತ್ತಳೆ ಬಣ್ಣದ ಸಾಧಾರಣ ಉಲನ್ 100ರಿಂದ 120 ಗ್ರಾಂ. ಕಪ್ಪು, ಹಸಿರು, ಬಿಳಿ ಸ್ವಲ್ಪ ಸ್ವಲ್ಪ.
- 5 ಮಿ.ಮೀ. ಮತ್ತು 3.5 ಮಿ.ಮೀ. ಅಳತೆಯ ಎರಡು ಕ್ರೋಶಾ ಕಡ್ಡಿ.
- ದೊಡ್ಡ ಕಣ್ಣಿನ ಮೊಂಡು ಸೂಜಿ, ಅಳತೆಯ ಟೇಪು, ಕತ್ತರಿ.
- ಅಡಿಗೆ ಹೊಲಿಯಲು ಮೆತ್ತನೆಯ ಚರ್ಮದ ತುಂಡು ಅಥವಾ ಚೆನ್ನಾಗಿ ತೊಳೆದ ಹಳೆಯ ಸೈಕಲ್ ಟ್ಯೂಬಿನ ರಬ್ಬರ್.

ಅಂಗಡಿಯಲ್ಲಿ 'ಉಲನ್' ಎಂದು ಸಿಗುವುದು ಬಹುಪಾಲು ಅಕ್ರಿಲಿಕ್ ದಾರ. ಅಗ್ಗ, ಬಣ್ಣ ಬಿಡುವುದಿಲ್ಲ, ತೊಳೆಯುವುದು ಸುಲಭ. ಆದರೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ಅದನ್ನು ಮುಂದೆ ಹೇಳುತ್ತೇವೆ. ಸೆಕೆಯ ಊರಿನವರಿಗೆ ಹೆಣೆಯುವುದಾದರೆ ದಪ್ಪ ಹತ್ತಿ ದಾರ ಒಳ್ಳೆಯದು.

ಹೆಣೆಯುವ ವಿಧಾನ

ಇದಕ್ಕೆ ಎರಡೇ ಹೊಲಿಗೆ ಗೊತ್ತಿದ್ದರೆ ಸಾಕು. ಒಂದು ಸರಪಳಿ. ಇನ್ನೊಂದು ಸಿಂಗಲ್ ಕ್ರೋಶಾ: ಕಡ್ಡಿಯನ್ನು ಕೆಳಗಿನ ಹೊಲಿಗೆಯೊಳಗೆ ತೂರಿಸಿ ದಾರ ಎಳೆದುಕೊಂಡರೆ ಕಡ್ಡಿಯ ಮೇಲೆ ಎರಡು ಕುಣಿಕೆ ಉಳಿಯುತ್ತವೆ, ಮತ್ತೊಮ್ಮೆ ದಾರ ಸುತ್ತಿ ಎರಡರೊಳಗಿಂದಲೂ ಎಳೆದರೆ ಒಂದು ಹೊಲಿಗೆ ಮುಗಿಯಿತು.

ಒಂದು ಎಚ್ಚರಿಕೆ. ಅಮೆರಿಕದವರು 'ಸಿಂಗಲ್ ಕ್ರೋಶಾ' ಎನ್ನುವ ಹೊಲಿಗೆಯನ್ನೇ ಬ್ರಿಟಿಷರು 'ಡಬಲ್ ಕ್ರೋಶಾ' ಎನ್ನುತ್ತಾರೆ. ಇಂಟರ್ನೆಟ್‌ನಲ್ಲಿ ಸಿಗುವ ಹೆಚ್ಚಿನ ಮಾದರಿಗಳು ಅಮೆರಿಕದವು, ಕಾನ್ವೆಂಟಿನ ಹಳೆಯ ಪುಸ್ತಕಗಳು ಬಹುತೇಕ ಬ್ರಿಟಿಷ್ ಪದ್ಧತಿಯವು. ಯಾವ ಪದ್ಧತಿಯೆಂದು ನೋಡದೆ ಹೆಣೆದರೆ ಮಗುವಿನ ಚಪ್ಪಲಿ ದೊಡ್ಡವರ ಅಳತೆಗೆ ಬರುತ್ತದೆ. ಈ ಲೇಖನದ ಹೆಸರುಗಳು ಅಮೆರಿಕದ ಪದ್ಧತಿಯವು.

ಎರಡು ಎಳೆ ಉಲನ್ ಕೂಡಿಸಿ 5 ಮಿ.ಮೀ. ಕಡ್ಡಿಯಲ್ಲಿ ಮೊದಲು ಒಂದು ಸಣ್ಣ ಚೌಕ ಹೆಣೆದು ಅಳೆಯಿರಿ. 10 ಸೆಂಟಿಮೀಟರ್ ಅಗಲಕ್ಕೆ 14 ಹೊಲಿಗೆ, 10 ಸೆಂಟಿಮೀಟರ್ ಎತ್ತರಕ್ಕೆ 16 ಸಾಲು ಬಂದರೆ ಕೆಳಗಿನ ಲೆಕ್ಕ ಸರಿಹೊಂದುತ್ತದೆ. ಹೊಲಿಗೆ ಹೆಚ್ಚು ಬಂದರೆ ಕೈ ಬಿಗಿ ಎಂದರ್ಥ, ದಪ್ಪ ಕಡ್ಡಿ ತೆಗೆದುಕೊಳ್ಳಿ. ಕಡಿಮೆ ಬಂದರೆ ಸಣ್ಣ ಕಡ್ಡಿ.

1. ಬೆರಳಿನ ತುದಿಯಿಂದ ಆರಂಭ. ಎರಡು ಸರಪಳಿ ಹಾಕಿ, ಮೊದಲ ಸರಪಳಿಯೊಳಗೆ 6 ಸಿಂಗಲ್ ಕ್ರೋಶಾ ಹಾಕಿ. ಇದು ಮೊದಲ ಸುತ್ತು. ಸುತ್ತಿನ ಆರಂಭಕ್ಕೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿ.

2. ಎರಡನೆಯ ಸುತ್ತಿನಲ್ಲಿ ಪ್ರತಿ ಹೊಲಿಗೆಯೊಳಗೆ ಎರಡೆರಡು: 12.

3. ಮೂರನೆಯ ಸುತ್ತಿನಲ್ಲಿ ಒಂದು ಬಿಟ್ಟು ಒಂದರಲ್ಲಿ ಎರಡು: 18. ನಾಲ್ಕನೆಯದರಲ್ಲಿ ಪ್ರತಿ ಮೂರನೆಯ ಹೊಲಿಗೆಯಲ್ಲಿ ಎರಡು: 24. ಐದನೆಯದರಲ್ಲಿ ಪ್ರತಿ ನಾಲ್ಕನೆಯದರಲ್ಲಿ ಎರಡು: 30.

4. ಆರರಿಂದ ಹದಿನೇಳನೆಯ ಸುತ್ತಿನ ತನಕ ಹೆಚ್ಚಿಸದೆ 30 ಹೊಲಿಗೆಯಲ್ಲೇ ಹೆಣೆಯಿರಿ. ಈಗ ಟೋಪಿಯಂತಹ ಮುಂಭಾಗ ಸಿದ್ಧ. ಕಾಲಿಗೆ ಹಾಕಿ ನೋಡಿದರೆ ಪಾದದ ಸುಮಾರು ಅರ್ಧದ ತನಕ ಬರಬೇಕು.

5. ಇಲ್ಲಿಂದ ಸುತ್ತು ಬಿಟ್ಟು ಸಾಲು. 22 ಹೊಲಿಗೆ ಹಾಕಿ, ಉಳಿದ 8 ಹೊಲಿಗೆಗಳನ್ನು ಹಾಗೆಯೇ ಬಿಡಿ. ಅದು ಪಾದದ ಮೇಲ್ಭಾಗದ ಬಾಯಿ. ಒಂದು ಸರಪಳಿ ಹಾಕಿ, ತಿರುಗಿಸಿ, ಮತ್ತೆ 22. ಹೀಗೆ 20 ಸಾಲು. ಒಟ್ಟು ಉದ್ದ ಪಾದಕ್ಕಿಂತ ಒಂದು ಸೆಂಟಿಮೀಟರ್ ಕಡಿಮೆ ಇರಲಿ, ಏಕೆಂದರೆ ಹೆಣಿಗೆ ಹಿಗ್ಗುತ್ತದೆ.

6. ಕೊನೆಯ ಸಾಲನ್ನು ನಡುವೆ ಮಡಚಿ, ಒಂದು ಕಡೆಯ 11 ಹೊಲಿಗೆಯನ್ನು ಇನ್ನೊಂದು ಕಡೆಯ 11ಕ್ಕೆ ಕೂಡಿಸಿ ಹೊಲಿಯಿರಿ. ಇದು ಹಿಮ್ಮಡಿ. ಕೆಳಗೆ ಚೂಪಾದ ಮೂಲೆ ಉಳಿಯುತ್ತದೆ. ಒಳಮಗ್ಗುಲು ಹೊರಗೆ ಮಾಡಿ ಆ ಮೂಲೆಯನ್ನು ಚಪ್ಪಟೆಯಾಗಿ ಹಿಡಿದು, ಎರಡು ಸೆಂಟಿಮೀಟರ್ ಅಗಲಕ್ಕೆ ಅಡ್ಡ ಹೊಲಿಗೆ ಹಾಕಿದರೆ ಹಿಮ್ಮಡಿ ದುಂಡಗಾಗುತ್ತದೆ.

7. ಬಾಯಿಯ ಸುತ್ತ ಕಪ್ಪು ದಾರದಲ್ಲಿ ಒಂದು ಸುತ್ತು ಸಿಂಗಲ್ ಕ್ರೋಶಾ ಹಾಕಿ ಮುಗಿಸಿ. ದಾರದ ತುದಿಗಳನ್ನು ಸೂಜಿಯಿಂದ ಒಳಗೆ ಸೇರಿಸಿ. ಕತ್ತರಿಸಿ ಬಿಟ್ಟರೆ ನಾಲ್ಕು ದಿನದಲ್ಲಿ ಬಿಚ್ಚಿಕೊಳ್ಳುತ್ತದೆ.

ಸುಮಾರು 17 ಸೆಂಟಿಮೀಟರ್ ಪಾದದ ಮಗುವಿಗೆ ನಾಲ್ಕನೆಯ ಸುತ್ತಿನ 24 ಹೊಲಿಗೆಯಲ್ಲೇ ನಿಲ್ಲಿಸಿ, ಬಾಯಿಗೆ 6 ಬಿಟ್ಟು 18ರಲ್ಲಿ ಸಾಲು ಹೆಣೆಯಿರಿ. ಗಂಡಸರಿಗೆ ಇನ್ನೊಂದು ಸುತ್ತು ಹೆಚ್ಚಿಸಿ 36 ಮಾಡಿ, 10 ಬಿಟ್ಟು 26. ಸುತ್ತು ಮತ್ತು ಸಾಲಿನ ಸಂಖ್ಯೆಯನ್ನು ಪಾದದ ಉದ್ದ ನೋಡಿ ನಿರ್ಧರಿಸಿ.

ಮುಖ ಬೇರೆ, ಚಪ್ಪಲಿ ಬೇರೆ

ಹೆಚ್ಚಿನ ಮಾದರಿಗಳಲ್ಲಿ ಕುಂಬಳಕಾಯಿಯ ಕಣ್ಣು ಬಾಯಿಯನ್ನು ಚಪ್ಪಲಿಯ ಮೇಲೆ ನೇರವಾಗಿ ಹೊಲಿಯಲು ಹೇಳುತ್ತಾರೆ. ಮನೆ ಮಗುವಿಗಾದರೆ ಹಾಗೆ ಮಾಡಬಹುದು. ಮಾರಾಟಕ್ಕಾದರೆ ಮುಖವನ್ನು ಬೇರೆಯಾಗಿ ಹೆಣೆದು, ಕೊನೆಗೆ ನಾಲ್ಕು ಹೊಲಿಗೆಯಲ್ಲಿ ಕೂಡಿಸುವುದು ಜಾಣತನ. ನವೆಂಬರ್ 1ರ ಬೆಳಿಗ್ಗೆ ಹ್ಯಾಲೋವೀನ್ ಸಾಮಾನಿಗೆ ಗಿರಾಕಿ ಇರುವುದಿಲ್ಲ. ಮುಖ ಬಿಚ್ಚಲು ಬಂದರೆ ಅದೇ ಚಪ್ಪಲಿಗೆ ಕ್ರಿಸ್ಮಸ್ ನಕ್ಷತ್ರ ಹೊಲಿದು ಡಿಸೆಂಬರಿನಲ್ಲಿ ಮಾರಬಹುದು. ಅದಕ್ಕಾಗಿ ಕೆಲವು ಜೊತೆಗಳ ಮೈಯನ್ನು ಕಿತ್ತಳೆಯ ಬದಲು ಕೆಂಪು, ಬಿಳಿ ಅಥವಾ ಕಂದು ಬಣ್ಣದಲ್ಲಿ ಹೆಣೆಯುವುದು ಲೇಸು. ಕಿತ್ತಳೆ ಮುಖ ಇವುಗಳ ಮೇಲೆ ಚೆನ್ನಾಗಿಯೇ ಕಾಣುತ್ತದೆ.

ಮುಖಕ್ಕೆ ಒಂದೇ ಎಳೆ ದಾರ, 3.5 ಮಿ.ಮೀ. ಕಡ್ಡಿ. 11 ಸರಪಳಿ ಹಾಕಿ, ಕಡ್ಡಿಯಿಂದ ಎರಡನೆಯದರಿಂದ ಆರಂಭಿಸಿ 10 ಸಿಂಗಲ್ ಕ್ರೋಶಾದ 10 ಸಾಲು ಹೆಣೆಯಿರಿ. ಸುತ್ತ ಅಂಚು ಹಾಕುವಾಗ ಮೂಲೆಯ ಹೊಲಿಗೆಗಳನ್ನು ಬಿಟ್ಟುಬಿಟ್ಟರೆ ಚೌಕ ದುಂಡಗಾಗಿ ಕುಂಬಳಕಾಯಿಯಂತೆ ಕಾಣುತ್ತದೆ. ಮೇಲೆ ಹಸಿರು ದಾರದ ಐದಾರು ಸರಪಳಿ ತೊಟ್ಟಾಗುತ್ತದೆ.

ಇಲ್ಲಿ ಧಾರವಾಡ ಸೀಮೆಯ ಹೆಣ್ಣುಮಕ್ಕಳಿಗೆ ಒಂದು ಅನುಕೂಲವಿದೆ. ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳುಂಟು. ಮೆಂತೆ ಎಂದರೆ ಒಂದರ ಮೇಲೊಂದು ಅಡ್ಡ ಬರುವ ಹೊಲಿಗೆ. ಸಿಂಗಲ್ ಕ್ರೋಶಾದ ಸಾಲುಗಳು ಹೆಚ್ಚುಕಡಿಮೆ ಚೌಕಳಿಯಂತೆಯೇ ಇರುವುದರಿಂದ ಎಳೆ ಎಣಿಸಿ ಹೊಲಿಯುವ ಕಸೂತಿಯ ಕೈ ಇದರ ಮೇಲೆ ಸಲೀಸಾಗಿ ಓಡುತ್ತದೆ. ಕಪ್ಪು ದಾರದಲ್ಲಿ ಮೂರು ಮೆಂತೆ ಕೆಳಗೆ, ಒಂದು ಮೇಲೆ ಹಾಕಿದರೆ ತ್ರಿಕೋನದ ಕಣ್ಣು. ಅಂಕುಡೊಂಕಾಗಿ ಸಾಗುವ ಮುರಗಿ ಹಲ್ಲಿನ ಸಾಲಾಗುತ್ತದೆ. ಹಬ್ಬ ಯಾವುದೇ ಇರಲಿ, ಗೋಪುರ, ಆನೆ, ಕಮಲದಂತಹ ನಮ್ಮದೇ ಚಿತ್ತಾರವನ್ನು ಒಂದು ಮೂಲೆಯಲ್ಲಿ ಹೊಲಿದರೆ ಚಪ್ಪಲಿ ಎಲ್ಲಿಯದೆಂದು ನೋಡಿದವರಿಗೆ ತಿಳಿಯುತ್ತದೆ. ಸಿನಿಮಾ ಮತ್ತು ಕಾರ್ಟೂನ್ ಗೊಂಬೆಗಳ ಮುಖವನ್ನು ನಕಲು ಮಾಡಿ ಮಾರಬೇಡಿ. ಅವಕ್ಕೆ ಹಕ್ಕುದಾರರಿದ್ದಾರೆ.

ಮರೆಯಬಾರದ ಜಾಗ್ರತೆ

ಮೊದಲನೆಯದಾಗಿ, ಜಾರುವಿಕೆ. ಉಲನ್ ಚಪ್ಪಲಿ ಟೈಲ್ಸ್ ಮೇಲೂ ನುಣುಪಾದ ಫರಸಿ ಕಲ್ಲಿನ ಮೇಲೂ ಜಾರುತ್ತದೆ. ಮುಂಗಾಲಿಗೊಂದು, ಹಿಮ್ಮಡಿಗೊಂದು ಚರ್ಮ ಅಥವಾ ರಬ್ಬರ್ ತುಂಡು ಕತ್ತರಿಸಿ, ದಬ್ಬಳದಿಂದ ಅಂಚಿನಲ್ಲಿ ತೂತು ಮಾಡಿ ಗಟ್ಟಿ ದಾರದಿಂದ ಹೊಲಿಯಿರಿ. ಅಡಿ ಇಲ್ಲದ ಚಪ್ಪಲಿಯನ್ನು ವೃದ್ಧರಿಗೆ ಕೊಡಬೇಡಿ. ಆ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಹಾಸಿಗೆ ಹಿಡಿಯಬೇಕಾಗುತ್ತದೆ.

ಎರಡನೆಯದಾಗಿ, ಬೆಂಕಿ. ಅಕ್ರಿಲಿಕ್ ಚಪ್ಪಲಿ ಹಾಕಿಕೊಂಡು ಒಲೆಯ ಮುಂದೆ ಕೂರಬಾರದು. ಹ್ಯಾಲೋವೀನ್ ದೀಪದ ಬಳಿಯಾಗಲಿ, ನವೆಂಬರ್ 2ರ ಮೇಣದ ಬತ್ತಿಗಳ ಬಳಿಯಾಗಲಿ ಮಕ್ಕಳನ್ನು ಈ ಚಪ್ಪಲಿಯಲ್ಲಿ ಬಿಡಬೇಡಿ.

ಮೂರನೆಯದಾಗಿ, ಸಣ್ಣ ಮಕ್ಕಳು. ಮೂರು ವರ್ಷದೊಳಗಿನವರ ಚಪ್ಪಲಿಗೆ ಗುಂಡಿ, ಮಣಿ, ಕನ್ನಡಿ ಬೇಡ. ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಕಣ್ಣು ಬಾಯಿ ದಾರದಲ್ಲೇ ಇರಲಿ.

ನಾಲ್ಕನೆಯದಾಗಿ, ಸಕ್ಕರೆ ಕಾಯಿಲೆ. ಪಾದದ ಸ್ಪರ್ಶ ಕಡಿಮೆಯಾದವರಿಗೆ ಒಳಗಿನ ಒಂದು ಗಂಟು ಒತ್ತಿದರೂ ತಿಳಿಯದೆ ಹುಣ್ಣಾಗಬಹುದು. ಅವರಿಗೆ ಹೆಣೆಯುವಾಗ ಗಂಟುಗಳೆಲ್ಲ ಹೊರಗೆ ಇರಲಿ, ಅಳತೆ ಸಡಿಲವಿರಲಿ. ದಿನವೂ ಪಾದ ನೋಡಿಕೊಳ್ಳಲು ಹೇಳಿ. ವೈದ್ಯರು ಸೂಚಿಸಿದ ಪಾದರಕ್ಷೆಗೆ ಇದು ಬದಲಿಯಾಗುವುದಿಲ್ಲ.

ಹೊಲಿಗೆಯ ಲೆಕ್ಕ, ಹೊತ್ತಿನ ಲೆಕ್ಕ

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ಮೇಲಿನ ವಿಧಾನದಲ್ಲಿ ಎಷ್ಟು ಹೊಲಿಗೆಗಳಿವೆ? ಮೊದಲ ಐದು ಸುತ್ತಿಗೆ 90. ಆಮೇಲಿನ 12 ಸುತ್ತಿಗೆ 360. 20 ಸಾಲಿಗೆ 440. ಬಾಯಿಯ ಅಂಚಿಗೆ ಸುಮಾರು 50. ಒಂದು ಕಾಲಿಗೆ 940, ಒಂದು ಜೊತೆಗೆ ಸುಮಾರು 1,900 ಹೊಲಿಗೆ. ಇದರ ಮೇಲೆ ಎರಡು ಮುಖ, ಹಿಮ್ಮಡಿಯ ಹೊಲಿಗೆ, ಅಡಿಯ ರಬ್ಬರ್. ನುರಿತವಳಿಗೂ ನಾಲ್ಕು ತಾಸು ಬೇಕೆಂದು ಹಿಡಿಯೋಣ. ಪ್ರತಿಯೊಬ್ಬರೂ ತಮ್ಮ ಮೊದಲ ಐದು ಜೊತೆಗಳನ್ನು ಗಡಿಯಾರ ನೋಡಿ ಹೆಣೆದು ಬರೆದಿಟ್ಟುಕೊಳ್ಳಲಿ.

ಉದಾಹರಣೆಗೆ, ನಿಮ್ಮೂರಿನಲ್ಲಿ ಎಂಟು ತಾಸಿನ ಕೂಲಿ 400 ರೂಪಾಯಿ ಎಂದಿಟ್ಟುಕೊಳ್ಳಿ. ತಾಸಿಗೆ 50, ನಾಲ್ಕು ತಾಸಿಗೆ 200. ಉಲನ್ 100 ರೂಪಾಯಿ, ಅಡಿ ಮತ್ತು ದಾರಕ್ಕೆ 30. ಒಟ್ಟು 330. ಕೆಟ್ಟುಹೋಗುವ ಜೊತೆ, ಬಸ್ಸಿನ ಖರ್ಚು ಎಂದು ನೂರಕ್ಕೆ ಹತ್ತು ಸೇರಿಸಿದರೆ ಸುಮಾರು 360. ಇದು ಲಾಭವಿಲ್ಲದ ಬೆಲೆ. ವ್ಯಾಪಾರಿಯೊಬ್ಬ ಬಂದು "ಜೊತೆಗೆ 150 ಕೊಡುತ್ತೇನೆ, ಉಲನ್ ನಿಮ್ಮದೇ" ಎಂದರೆ ಹೆಣೆದವಳಿಗೆ ಉಳಿಯುವುದು 20 ರೂಪಾಯಿ. ತಾಸಿಗೆ ಐದು ರೂಪಾಯಿ! "ಮನೆಯಲ್ಲಿ ಸುಮ್ಮನೆ ಕೂತಿರುವ ಬದಲು ಬಂದಷ್ಟು ಬರಲಿ" ಎಂಬ ಮಾತು ಆಗ ಕೇಳಿಬರುತ್ತದೆ. ಸಂಘದ ಹೆಣ್ಣುಮಕ್ಕಳೇ ಹೇಳುತ್ತಾರೆ, ಒಮ್ಮೊಮ್ಮೆ ತರಬೇತಿ ಕೊಟ್ಟ ನಾವೂ ಹೇಳಿಬಿಡುತ್ತೇವೆ.

ಈ ಮಾತಿನ ಪರಿಣಾಮವನ್ನು ನಮ್ಮ ನೆರೆಯ ಆಂಧ್ರದಲ್ಲಿ ಕಾಣಬಹುದು. ಗೋದಾವರಿ ತೀರದಲ್ಲಿ ಸ್ಕಾಟ್ಲೆಂಡಿನ ಮಿಷನರಿ ದಂಪತಿಗಳು 1844ರ ಸುಮಾರಿಗೆ ಕಲಿಸಿದ ಕ್ರೋಶಾ ಲೇಸ್ ನರಸಾಪುರದ ಸುತ್ತಲಿನ ಹಳ್ಳಿಗಳಲ್ಲಿ ಸಾವಿರಾರು ಮಹಿಳೆಯರ ಕೆಲಸವಾಯಿತು. ಲೇಸ್ ವಿದೇಶಕ್ಕೆ ಹೋಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿ ಅಧ್ಯಯನ ನಡೆಸಿ, 1982ರಲ್ಲಿ 'ದ ಲೇಸ್ ಮೇಕರ್ಸ್ ಆಫ್ ನರಸಾಪುರ್' ಎಂಬ ಪುಸ್ತಕ ಪ್ರಕಟಿಸಿದರು. ದಿನಕ್ಕೆ ಹಲವು ತಾಸು ಹೆಣೆಯುವ ಹೆಂಗಸರನ್ನು ಎಲ್ಲರೂ 'ಗೃಹಿಣಿಯರು' ಎಂದೇ ಕರೆಯುತ್ತಿದ್ದರು, ಅವರ ದುಡಿಮೆಯನ್ನು 'ಬಿಡುವಿನ ಕೆಲಸ' ಎನ್ನುತ್ತಿದ್ದರು. ಆ ಒಂದು ಹೆಸರಿನಿಂದಲೇ ಕೂಲಿ ಹೊಲದ ಕೂಲಿಗಿಂತಲೂ ಕೆಳಗೆ ಉಳಿಯಿತು, ವ್ಯಾಪಾರಿಗಳು ಶ್ರೀಮಂತರಾದರು ಎಂಬುದನ್ನು ಅವರು ತೋರಿಸಿದರು. 2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದು ಸಂತೋಷದ ವಿಷಯ. ಆದರೆ ಮಾನ್ಯತೆ ಲೇಸಿಗೆ ಸಿಕ್ಕರೆ ಸಾಲದು, ಹೆಣೆದ ಕೈಗೂ ಸಿಗಬೇಕು.

ನಿಜವಾದ ಕ್ರೋಶಾ ಹೆಣಿಗೆ ಇಂದಿಗೂ ಕೈಯಿಂದಲೇ ಆಗಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪ್ರತಿಯೊಂದು ಕ್ರೋಶಾ ವಸ್ತುವಿನ ಹಿಂದೆ ಎಲ್ಲೋ ಒಬ್ಬಳು ಕಡಿಮೆ ಕೂಲಿಗೆ ಕುಳಿತು ಹೆಣೆದಿರುತ್ತಾಳೆ. 1996ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಯಲ್ಲಿ ಕುಳಿತು ದುಡಿಯುವವರ ಕುರಿತು ಅಂಗೀಕರಿಸಿದ ಒಪ್ಪಂದದ ತಿರುಳೂ ಇದೇ: ಮನೆಯೊಳಗೆ ಮಾಡಿದರೂ ಕೆಲಸ ಕೆಲಸವೇ.

ಧರ್ಮಕೇಂದ್ರಗಳ ಮಹಿಳಾ ಸಂಘಟನೆಗಳೂ ಒಳನಾಡಿನ ಸೇವಾ ಕೇಂದ್ರಗಳೂ ಕೆಳಗಿನ ನಾಲ್ಕು ವಿಷಯಗಳನ್ನು ಪಾಲಿಸಬಹುದು.

- ಮಾದರಿ ತೋರಿಸಿ, ಬೆಲೆ ಮಾತಾಡಿ, ಮುಂಗಡ ಪಡೆದ ಮೇಲೆಯೇ ಉಲನ್ ಕೊಳ್ಳಿ. ಮಾರ್ಚ್‌ನಲ್ಲಿ ಮಾದರಿ, ಏಪ್ರಿಲ್‌ನಿಂದ ಹೆಣಿಗೆ, ಆಗಸ್ಟ್ ಕೊನೆಯೊಳಗೆ ಸಾಗಣೆ ಎಂಬ ಕ್ರಮವಿದ್ದರೆ ಅಕ್ಟೋಬರ್ ತಪ್ಪುವುದಿಲ್ಲ.
- ಪ್ರತಿ ಸದಸ್ಯೆಯ ಬಳಿ ಒಂದು ಪುಸ್ತಕವಿರಲಿ: ಎಷ್ಟು ಉಲನ್ ಪಡೆದೆ, ಎಷ್ಟು ತಾಸು ಹೆಣೆದೆ, ಎಷ್ಟು ಜೊತೆ ಕೊಟ್ಟೆ, ಎಷ್ಟು ಹಣ ಬಂತು. ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮಗಳು ಬರೆದುಕೊಡಲಿ.
- ಹಣ ನೇರವಾಗಿ ಹೆಣೆದವಳ ಖಾತೆಗೆ ಹೋಗಲಿ.
- 2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯಲ್ಲಿ ಮನೆಯಲ್ಲೇ ದುಡಿಯುವ ಅಸಂಘಟಿತ ಕಾರ್ಮಿಕರಿಗೂ ಅವಕಾಶವಿದೆ. ಸಂಘದವರನ್ನು ನೋಂದಾಯಿಸಿ. 'ಗೃಹಿಣಿ' ಎಂಬ ಹೆಸರಿನ ಜೊತೆಗೆ 'ಕಾರ್ಮಿಕಳು' ಎಂಬುದೂ ದಾಖಲೆಯಲ್ಲಿ ಬರಲಿ.

ಕೊಳ್ಳುವವರಿಗೂ ಒಂದು ಮಾತು. ದೇವಾಲಯದ ಹಬ್ಬದ ಮಾರಾಟ ಮಳಿಗೆಯಲ್ಲಿ ಕೈಹೆಣಿಗೆಯ ಚಪ್ಪಲಿಗೆ 400 ರೂಪಾಯಿ ಎಂದು ಬರೆದಿದ್ದರೆ ನಾವು ಹುಬ್ಬೇರಿಸುತ್ತೇವೆ, ಇನ್ನೂರಕ್ಕೆ ಕೊಡಿ ಎಂದು ಚೌಕಾಸಿ ಮಾಡುತ್ತೇವೆ. ಆ ಕ್ಷಣದಲ್ಲಿ 1,900 ಹೊಲಿಗೆಗಳನ್ನು ನೆನಪಿಸಿಕೊಳ್ಳೋಣ. ನಮ್ಮ ಚೌಕಾಸಿಯಲ್ಲಿ ಕಡಿಮೆಯಾಗುವುದು ಉಲನ್ ಅಂಗಡಿಯವನ ಬಿಲ್ಲಲ್ಲ. ನರಗುಂದದ ಯಾವುದೋ ಮನೆಯ ಕಟ್ಟೆಯ ಮೇಲೆ, ಬೇಸಿಗೆಯ ಸೆಕೆಯಲ್ಲಿ ಬೆವರಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೆಣೆದ ತಾಯಿಯೊಬ್ಬಳ ನಾಲ್ಕು ತಾಸು.

ಈ ಅಕ್ಟೋಬರಿಗೆ ಮೊಮ್ಮಗುವಿಗೊಂದು ಜೊತೆ ಹೆಣೆಯುವವರು ಇಂದೇ ಕಡ್ಡಿ ಹಿಡಿಯಿರಿ. ಒಂದು ಜೊತೆಯನ್ನಾದರೂ ಪೂರ್ತಿ ಹೆಣೆದು ನೋಡಿದವರು ಮುಂದೆ ಇನ್ನೊಬ್ಬರ ಹೆಣಿಗೆಗೆ ಬೆಲೆ ಕೇಳುವಾಗ ಚೌಕಾಸಿ ಮಾಡುವುದಿಲ್ಲ ಎಂಬ ಭರವಸೆ ನಮಗಿದೆ.